ಹಸಿರು ಶಾಲಿನೊಳಗಿನ ಭಿನ್ನಮತ

ಕರ್ನಾಟಕ ರಾಜ್ಯ ರೈತ ಸಂಘ ಯಾಕೆ ಒಡೆಯಿತು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ನಾಯಕರ ಪ್ರತಿಷ್ಠೆ. ನನಗೆ ಈ ಉತ್ತರ ಸಾಲದು. ಪ್ರತಿಷ್ಠೆಯಿಲ್ಲದ ನಾಯಕರನ್ನು ಯಾವ ಚಳವಳಿಯೂ ಕಂಡಿಲ್ಲ; ಹಾಗಂತ ಎಲ್ಲ ಚಳವಳಿಗಳೂ ಒಡೆದು ಬಣಗಳಾಗಿಲ್ಲ. ಪ್ರತಿಷ್ಠೆಯ ಮೇಲೆ ಭಾರ ಹಾಕಿ ಸುಮ್ಮನಾದರೆ ಆ ಜಗಳಗಳಲ್ಲಿ ವಿಷಯವೇ ಇರಲಿಲ್ಲ ಎಂದಂತಾಗುತ್ತದೆ. ವಿಷಯ ಇತ್ತು. ಅದೂ ಗಂಭೀರವಾದದ್ದೇ ಇತ್ತು. ಅದನ್ನು ಕೂತು ಇತ್ಯರ್ಥ ಮಾಡುವ ರೂಢಿ ಮಾತ್ರ ಸಂಘದಲ್ಲಿ ಬೆಳೆಯಲಿಲ್ಲ.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ಎಂಬ ನೀರಾವರಿ ಕರದ ವಿರುದ್ಧ ಬೀದಿಗಿಳಿದರು, ಗೋಲಿಬಾರ್ ಆಯಿತು. ಅದೇ ವರ್ಷ ರೈತ ಸಂಘ ರೂಪುಗೊಂಡಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಮುಂತಾದವರು ಕಟ್ಟಿದ ಈ ಸಂಘ ಹೊರಗಿನ ಅಧಿಕಾರದ ಎದುರು ಹೇಗೆ ನಿಲ್ಲಬೇಕು ಎಂಬುದಕ್ಕೆ ಅಪರೂಪದ ರೀತಿಗಳನ್ನು ಕಂಡುಕೊಂಡಿತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂದು ಊರಬಾಗಿಲಲ್ಲಿ ಬೋರ್ಡು ನೆಟ್ಟಿತು. ಸಾಲಕ್ಕಾಗಿ ಸಾಮಾನು ಜಪ್ತಿಯಾದರೆ ಊರವರೇ ಹೋಗಿ ‘ಮರುಜಪ್ತಿ’ ಮಾಡಿ ತಂದರು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ನೀಲಗಿರಿ ಸಸಿಗಳನ್ನು ಕಿತ್ತರು. ಸಾಲ ಮಾಡಿ ಮದುವೆ ಮಾಡುವ ಊರುಗಳಲ್ಲಿ ಸರಳ ಮದುವೆಗಳು ನಡೆದವು. ತಹಶೀಲ್ದಾರರ ಎದುರು ಕೈಕಟ್ಟಿ ನಿಲ್ಲುತ್ತಿದ್ದವನು ಹೆಗಲ ಮೇಲೆ ಸಂಘದ ಹಸಿರು ಶಾಲು ಹಾಕಿಕೊಂಡು ಕುರ್ಚಿ ಎಳೆದು ಕೂತ. ನಮ್ಮ ನಾಡಿನ ಸಾರ್ವಜನಿಕ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಗಳು ಹೆಚ್ಚಿಲ್ಲ.

ಒಳಗಿನ ಮಾತಿಗೆ ಬಂದಾಗ ಚಿತ್ರ ಬೇರೆ. ಮೊದಲ ತಕರಾರು ಚುನಾವಣೆಯದು. ಸಂಘ ಸರ್ಕಾರವನ್ನು ಹೊರಗಿನಿಂದ ಬಗ್ಗಿಸಬೇಕೋ, ವಿಧಾನಸೌಧದ ಒಳಗೇ ಹೋಗಿ ಕೂರಬೇಕೋ? ಎರಡೂ ಕಡೆ ನ್ಯಾಯವಾದ ವಾದವಿತ್ತು. 1989ರಲ್ಲಿ ಕಣಕ್ಕಿಳಿದಾಗ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದಿಂದ ನಂಜುಂಡಸ್ವಾಮಿ ಸದನಕ್ಕೆ ಬಂದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಇಷ್ಟು ದೊಡ್ಡ ಚಳವಳಿಗೆ ಇಷ್ಟೇ ಫಲವೇ ಎಂಬ ಪ್ರಶ್ನೆ ಆಗ ಎದ್ದೇ ಇತ್ತು. ಅದನ್ನು ಹಳ್ಳಿ ಘಟಕಗಳ ಮುಂದಿಟ್ಟು, ಹೌದು ಎಂದವರೆಷ್ಟು, ಬೇಡ ಎಂದವರೆಷ್ಟು ಎಂದು ಎಣಿಸಿ ತೀರ್ಮಾನಿಸುವ ಬದಲು ಒಬ್ಬೊಬ್ಬ ನಾಯಕರು ಒಂದೊಂದು ದಾರಿ ಹಿಡಿದರು. ಬಾಬಾಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿಯ ಸಂಸದರಾಗಿ ವಾಜಪೇಯಿ ಸಂಪುಟದಲ್ಲಿ ರಾಜ್ಯ ಸಚಿವರಾದರು. ಅವರನ್ನು ದ್ರೋಹಿ ಎಂದು ಬೈದವರಿಗೆ ಲೆಕ್ಕವಿಲ್ಲ. ಚುನಾವಣೆಯ ಬಗ್ಗೆ ಸಂಘದ ನಿಲುವೇನು ಎಂಬುದು ಕೊನೆಗೂ ಸ್ಪಷ್ಟವಾಗದೆ ಉಳಿಯಿತು.

ಎರಡನೆಯದು ಇನ್ನೂ ಆಳದ ತಕರಾರು, ಭೂಮಿಯದು. ರೈತ ಎಂದರೆ ಯಾರು? ಪಂಪ್‌ಸೆಟ್ಟಿನ ಕರೆಂಟು ಬಾಕಿ, ಕಬ್ಬಿನ ದರ, ಬೆಳೆಸಾಲ ಇವೆಲ್ಲ ಜಮೀನಿದ್ದವನ ಕಷ್ಟಗಳು. ಅದೇ ಊರಿನ ಕೇರಿಯಲ್ಲಿ ಕೂಲಿ ಹೆಚ್ಚಿಸಿ ಎಂದು ಕೇಳುವವನಿಗೆ ಸಂಘದಲ್ಲಿ ಜಾಗವೆಲ್ಲಿ? ದಲಿತ ಸಂಘರ್ಷ ಸಮಿತಿಯವರೂ ಎಡಪಕ್ಷಗಳವರೂ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿದರು. ಸಂಘ ಇಡೀ ಹಳ್ಳಿಯನ್ನು ಒಂದು ಘಟಕವೆಂದು ಭಾವಿಸಿ ನಗರದ ಎದುರು ನಿಲ್ಲಿಸಿತು. ಹೋರಾಟದ ತಂತ್ರವಾಗಿ ಅದು ಸರಿ. ಹಳ್ಳಿಯ ಸತ್ಯವಾಗಿ ಅರ್ಧ ಮಾತ್ರ. ಸಂಘದ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದೇ. ಇದನ್ನು ಸರಿಪಡಿಸಲು ಬಹುಕಾಲ ದುಡಿದವರು ಸಾಹಿತಿ ದೇವನೂರ ಮಹಾದೇವ. ರೈತ, ದಲಿತ ಸಂಘಟನೆಗಳನ್ನು ಒಂದೇ ಚಾವಣಿಯಡಿ ತರಲು 2005ರಲ್ಲಿ ಹುಟ್ಟಿದ ಸರ್ವೋದಯ ಕರ್ನಾಟಕ ಪಕ್ಷದ ಹಿಂದೆ ಅವರಿದ್ದರು. ಆ ಹೊತ್ತಿಗೆ ರೈತ ಸಂಘವೂ ದಲಿತ ಸಂಘರ್ಷ ಸಮಿತಿಯೂ ಬಣಗಳಾಗಿ ಹಂಚಿಹೋಗಿದ್ದವು.

ಮೂರನೆಯದು ದೂರದ ಶತ್ರು ಮೊದಲೋ, ಹತ್ತಿರದ ಬಾಕಿ ಮೊದಲೋ ಎಂಬ ತಕರಾರು; ಅದನ್ನು ಬೇಗ ಹೇಳಿ ಮುಗಿಸಬಹುದು. 1992ರಲ್ಲಿ ಬೀಜ ಕಂಪನಿ ಕಾರ್ಗಿಲ್‌ನ ಕಚೇರಿ, 1996ರಲ್ಲಿ ಬೆಂಗಳೂರಿನ ಕೆಎಫ್‌ಸಿ, 1998ರಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲ ಇವುಗಳ ಮೇಲೆ ದಾಳಿ, 1999ರಲ್ಲಿ ನೂರಾರು ರೈತರೊಂದಿಗೆ ಯುರೋಪಿನ ಯಾತ್ರೆ: ಬಹುರಾಷ್ಟ್ರೀಯ ಕಂಪನಿಗಳ ಅಪಾಯವನ್ನು ನಂಜುಂಡಸ್ವಾಮಿ ಕಂಡಷ್ಟು ಬೇಗ ದೇಶದಲ್ಲಿ ಹೆಚ್ಚು ಜನ ಕಂಡಿರಲಿಲ್ಲ. ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಮುಕ್ತ ಮಾರುಕಟ್ಟೆಯ ಪರ ನಿಂತಾಗ ಇವರು ವಿಶ್ವ ವ್ಯಾಪಾರದ ಗ್ಯಾಟ್ ಒಪ್ಪಂದದ ಡಂಕೆಲ್ ಪ್ರಸ್ತಾಪವನ್ನು ಸುಡಬೇಕೆಂದರು. ಇತ್ತ ತಾಲ್ಲೂಕಿನ ಕಾರ್ಯಕರ್ತನಿಗೆ ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಹಣವೇ ಬಂದಿರಲಿಲ್ಲ. ಎರಡೂ ಒಂದೇ ಹೋರಾಟದ ಎರಡು ತುದಿಗಳೆಂದು ಅವನಿಗೆ ಮನಗಾಣಿಸುವ ಕೆಲಸ ಅರ್ಧಕ್ಕೇ ನಿಂತಿತು.

ಇವನ್ನೆಲ್ಲ ಸಂಘದೊಳಗೇ ಇಟ್ಟು ಹೊಡೆದಾಡಲು ಯಾಕೆ ಆಗಲಿಲ್ಲ? ಕಾರಣ ಸಂಘದ ಶ್ರೇಷ್ಠ ಗುಣದಲ್ಲೇ ಅಡಗಿದೆ ಎಂಬುದು ನನ್ನ ಅನಿಸಿಕೆ. ರೈತ ಸಂಘ ಒಂದು ದೊಡ್ಡ ಶಾಲೆಯಾಗಿತ್ತು. ಅಧ್ಯಯನ ಶಿಬಿರಗಳಲ್ಲಿ ನಾಲ್ಕನೇ ಕ್ಲಾಸು ಓದಿದವರೂ ಗ್ಯಾಟ್ ಒಪ್ಪಂದದ ಬಗ್ಗೆ ಅಧಿಕಾರಿಗಳ ಬಾಯಿ ಮುಚ್ಚಿಸುವಷ್ಟು ಕಲಿತರು. ಕಾನೂನು ಕಲಿಸುತ್ತಿದ್ದ ನಂಜುಂಡಸ್ವಾಮಿಯವರನ್ನು ಎಲ್ಲರೂ ‘ಪ್ರೊಫೆಸರ್’ ಎಂದೇ ಕರೆದರು. ಗುರುವಿನ ಎದುರು ಸಂದೇಹ ಕೇಳಬಹುದು. ಗುರುವನ್ನು ಮತ ಹಾಕಿ ಸೋಲಿಸುವುದು ಶಿಷ್ಯನಿಗೆ ಕಷ್ಟ. ಒಪ್ಪದವನಿಗೆ ಉಳಿದ ದಾರಿ ಎರಡೇ, ತಲೆಯಾಡಿಸುವುದು ಇಲ್ಲವೇ ಎದ್ದು ಹೋಗಿ ಬೇರೆ ಸಂಘ ಕಟ್ಟುವುದು.

ಎದ್ದು ಹೋದ ಮೇಲೆ ಹಳ್ಳಿಯಲ್ಲಿ ಏನಾಗುತ್ತದೆ ನೋಡಿ. ಮೊದಲು ರಸೀದಿ ಪುಸ್ತಕ ಎರಡಾಗುತ್ತದೆ. ಆಮೇಲೆ ಊರಬಾಗಿಲ ಬೋರ್ಡಿನಲ್ಲಿ ಸಂಘದ ಹೆಸರಿನ ಕೆಳಗೆ ಬೇರೆ ಬಣ್ಣದಲ್ಲಿ ಬಣದ ಹೆಸರು ಸೇರುತ್ತದೆ. ಸರಳ ಮದುವೆಗೆ ಯಾವ ಬಣದವರನ್ನು ವೇದಿಕೆಗೆ ಕರೆಯಬೇಕೆಂದು ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಪೇಚಾಡುತ್ತಾರೆ. ಒಂದೇ ನಾಲೆಯ ನೀರಿಗಾಗಿ, ಅದೇ ಬೇಡಿಕೆಗಳನ್ನು ಬರೆದ ಎರಡು ಮನವಿಗಳು ಒಂದೇ ವಾರದಲ್ಲಿ ತಾಲ್ಲೂಕು ಕಚೇರಿ ತಲುಪುತ್ತವೆ. ಸಾಹೇಬರು ಇಬ್ಬರಿಗೂ ಕಾಫಿ ತರಿಸಿ, ಇಬ್ಬರಿಗೂ ನೋಡೋಣ ಎನ್ನುತ್ತಾರೆ. ತಾವು ರಸೀದಿ ಹರಿಸಿಕೊಂಡದ್ದು ಸಂಘಕ್ಕೆ, ಬಣಕ್ಕಲ್ಲ ಎನ್ನುವ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ಸಂಘ ಒಡೆದವರು ಯಾರೂ ಇಲ್ಲ.

ಬೇರೆ ರೀತಿಯೂ ಸಾಧ್ಯ ಎಂಬುದಕ್ಕೆ ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಯಲ್ಲಿ ನಡೆದ ರೈತ ಹೋರಾಟ ಸಾಕ್ಷಿ. 2021ರ ಅಕ್ಟೋಬರಿನಲ್ಲಿ ಅದರ ನಾಯಕರಲ್ಲೊಬ್ಬರಾದ ಯೋಗೇಂದ್ರ ಯಾದವ್, ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿಯ ಘಟನೆಯಲ್ಲಿ ಸತ್ತ ಬಿಜೆಪಿ ಕಾರ್ಯಕರ್ತನ ಮನೆಗೆ ಸಾಂತ್ವನ ಹೇಳಲು ಹೋದರು. ಹೋರಾಟ ನಡೆಸುತ್ತಿದ್ದ ಸಂಘಗಳ ಒಕ್ಕೂಟವಾದ ಸಂಯುಕ್ತ ಕಿಸಾನ್ ಮೋರ್ಚಾ ಅವರನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟಿತು. ಹೋದದ್ದು ತಪ್ಪೆಂದು ಅವರು ಒಪ್ಪಲಿಲ್ಲ, ಸಂಗಾತಿಗಳನ್ನು ಮೊದಲೇ ಕೇಳಬೇಕಿತ್ತು ಎಂದರು, ಶಿಕ್ಷೆಯನ್ನು ಒಪ್ಪಿಕೊಂಡರು. ಮರುವರ್ಷ ಪಂಜಾಬಿನ ಕೆಲವು ಸಂಘಗಳು ಚುನಾವಣೆಗೆ ಹೊರಟಾಗ ಮೋರ್ಚಾ ಅವರಿಂದ ದೂರ ನಿಂತು, ಚುನಾವಣೆ ಮುಗಿದ ಮೇಲೆ ಮತ್ತೆ ಪರಿಶೀಲಿಸುವುದಾಗಿ ಹೇಳಿತು. ಯಾದವ್ ಅವರಿಗೆ ಕೊಟ್ಟ ಶಿಕ್ಷೆ ಸರಿಯೆಂದು ನನಗನಿಸುವುದಿಲ್ಲ. ಸತ್ತವರ ಮನೆಗೆ ಹೋಗುವುದರಲ್ಲಿ ತಪ್ಪೇನಿದೆ? ಆದರೂ ಅದಕ್ಕೊಂದು ಅಳತೆ ಇತ್ತು, ಅವಧಿ ಇತ್ತು, ಮರಳಿ ಬರುವ ಬಾಗಿಲು ಇತ್ತು.

ನಮ್ಮಲ್ಲೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳು ಇದನ್ನು ಇನ್ನೂ ಚೆನ್ನಾಗಿ ಮಾಡಿ ತೋರಿಸಿದವು. ಭೂಸ್ವಾಧೀನದ ವಿರುದ್ಧ 2022ರಲ್ಲಿ ಶುರುವಾದ ಧರಣಿ ಮೂರು ವರ್ಷ ದಾಟಿತು. ಒಳ್ಳೆಯ ದರ ಸಿಕ್ಕರೆ ಜಮೀನು ಕೊಡಲು ಸಿದ್ಧರಿದ್ದವರೂ ಆ ಊರುಗಳಲ್ಲಿದ್ದರು. ಮೂರು ಹಳ್ಳಿಗಳ ಜಮೀನು ಕೈಬಿಡುತ್ತೇವೆ ಎಂದು ಸರ್ಕಾರ ಹೇಳಿದಾಗ, ಬಿಟ್ಟರೆ ಎಲ್ಲವನ್ನೂ ಬಿಡಿ ಎಂದು 13 ಹಳ್ಳಿಗಳೂ ಒಟ್ಟಿಗೆ ನಿಂತವು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ತಮ್ಮ ಹಳೆಯ ಮುನಿಸನ್ನು ಬದಿಗಿಟ್ಟು ಬೆನ್ನಿಗಿದ್ದವು. 2025ರ ಜುಲೈ 15ರಂದು 1,777 ಎಕರೆಯ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು.

ಬಣಗಳನ್ನು ಒಂದು ಮಾಡಿ ಎಂದು ವೇದಿಕೆಗಳ ಮೇಲೆ ಕರೆ ಕೊಡುವ ಹಿರಿಯರಲ್ಲಿ ನನ್ನದು ಬೇರೆಯೇ ವಿನಂತಿ. ಒಂದಾಗುವ ಮೊದಲು, ಒಪ್ಪದವನು ಒಳಗೇ ಉಳಿಯಲು ಏನು ವ್ಯವಸ್ಥೆ ಎಂಬುದನ್ನು ಬರೆದಿಡಿ. ಮುಂದಿನ ಮಹಾಸಭೆಯಲ್ಲಿ ನಡಾವಳಿ ಪುಸ್ತಕ ತೆರೆದು, ಗೆದ್ದ ಠರಾವಿನ ಕೆಳಗೆ ಬೇಡ ಎಂದವರ ಹೆಸರನ್ನೂ ಅವರ ಕಾರಣವನ್ನೂ ಬರೆಸಿ, ಸಹಿ ಹಾಕಿಸಿ. ಅಧ್ಯಕ್ಷಗಿರಿಗೆ ಅವಧಿ ಕಟ್ಟಿ. ಕೂಲಿಯವರನ್ನೂ ಹೆಣ್ಣುಮಕ್ಕಳನ್ನೂ ಆ ಸಭೆಗೆ ಕರೆಯಿರಿ, ಅವರಿಗೂ ಮತ ಕೊಡಿ.