ಯಾರ ಕೈಬರಹವೂ ಅಲ್ಲದ ಕೋಡ್

ಲಿನಕ್ಸ್ ಕರ್ನಲ್‌ಗೆ ಕೋಡ್ ಬರೆಯುವವರಿಗೆಂದು ಲೀನಸ್ ಟೋರ್ವಾಲ್ಡ್ಸ್ ಬರೆದಿಟ್ಟ ಶೈಲಿ ಕೈಪಿಡಿ ಶುರುವಾಗುವುದೇ ಕೀಟಲೆಯಿಂದ: ಗ್ನೂ ಯೋಜನೆಯ ಶೈಲಿ ನಿಯಮಗಳನ್ನು ಪ್ರಿಂಟ್ ತೆಗೆಯಿರಿ, ಓದಬೇಡಿ, ಸುಟ್ಟುಹಾಕಿ. ಆಮೇಲೆ ವಿಷಯಕ್ಕೆ ಬರುತ್ತಾರೆ. ಇಂಡೆಂಟ್ ಅಂದರೆ ಟ್ಯಾಬ್, ಟ್ಯಾಬ್ ಅಂದರೆ ಎಂಟು ಅಕ್ಷರದಗಲ. ಹಾಗಾದರೆ ಕೋಡ್ ಬಲಕ್ಕೆ ಸರಿದು ಸರಿದು ಪರದೆಯನ್ನೇ ದಾಟುತ್ತದಲ್ಲ ಎಂದು ಗೊಣಗುವವರಿಗೂ ಉತ್ತರ ಸಿದ್ಧವಿದೆ. ಮೂರು ಹಂತಕ್ಕಿಂತ ಒಳಗೆ ಇಳಿಯಬೇಕಾಗಿ ಬಂದರೆ ಕೆಟ್ಟಿರುವುದು ನಿಮ್ಮ ಪ್ರೋಗ್ರಾಮು, ಮೊದಲು ಅದನ್ನು ರಿಪೇರಿ ಮಾಡಿ.

ಈ ಗತ್ತು ನನಗಿಷ್ಟ, ಎಂಟಕ್ಷರದ ಇಂಡೆಂಟ್ ಇಷ್ಟವಿಲ್ಲ. ನಾನು ನಾಲ್ಕು ಸ್ಪೇಸಿನ ಪಕ್ಷ. ಆದರೂ ಕರ್ನಲ್‌ಗೆ ಪ್ಯಾಚ್ ಕಳಿಸುವಾಗ ತೆಪ್ಪಗೆ ಟ್ಯಾಬ್ ಒತ್ತುತ್ತೇನೆ. ಹತ್ತು ಮಂದಿ ಕೂಡಿ ಬರೆದ ಕೋಡನ್ನು ಓದುವಾಗ ಇದನ್ನು ಬರೆದವರು ಯಾರೆಂದು ಗೊತ್ತಾಗಬಾರದು. ಗೊತ್ತಾಯಿತೆಂದರೆ ಕಣ್ಣು ಅರ್ಥವನ್ನು ಬಿಟ್ಟು ಆಕಾರದ ಹಿಂದೆ ಹೋಗಿದೆ ಎಂದೇ ಲೆಕ್ಕ.

ಪೈಥಾನ್‌ನವರಿಗೆ 2001ರಿಂದಲೂ ಪೆಪ್ 8 ಇದೆ. ಗೀಡೊ ವಾನ್ ರಾಸಮ್ ಮತ್ತು ಬ್ಯಾರಿ ವಾರ್ಸಾ ಮೊದಲಾದವರು ಬರೆದದ್ದು. ನಾಲ್ಕು ಸ್ಪೇಸು, ಸಾಲಿಗೆ ಹೆಚ್ಚೆಂದರೆ 79 ಅಕ್ಷರ. ಇಷ್ಟನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅದರ ಆರಂಭದಲ್ಲೇ ಇರುವ ಮಾತನ್ನು ಮಾತ್ರ ದಾಟಿಕೊಂಡು ಹೋಗುತ್ತಾರೆ: ಈ ಕೈಪಿಡಿಯೊಂದಿಗೆ ಹೊಂದಿಕೊಳ್ಳುವುದು ಮುಖ್ಯ, ನಿಮ್ಮ ಯೋಜನೆಯೊಳಗಿನ ಹೊಂದಾಣಿಕೆ ಅದಕ್ಕಿಂತ ಮುಖ್ಯ, ಒಂದೇ ಫೈಲು ಅಥವಾ ಫಂಕ್ಷನ್‌ನೊಳಗಿನದ್ದು ಎಲ್ಲಕ್ಕಿಂತ ಮುಖ್ಯ. ಅಂದರೆ ಹಳೆಯ ಫೈಲೊಂದು ತನ್ನದೇ ರೀತಿಯಲ್ಲಿ ಒಪ್ಪವಾಗಿದ್ದರೆ, ಪೆಪ್ 8ರ ಬೆತ್ತ ಹಿಡಿದು ಅದರ ಮಧ್ಯದ ಇಪ್ಪತ್ತು ಸಾಲನ್ನಷ್ಟೇ ತಿದ್ದುವುದು ಪೆಪ್ 8ಕ್ಕೇ ವಿರುದ್ಧ.

ಗೋ ಭಾಷೆಯವರು ಈ ಜಗಳವನ್ನೇ ಕಿತ್ತೆಸೆದರು. ಅವರ ಗೋಫಮ್ಟ್ ಎಂಬ ಸಾಧನ ಕೋಡನ್ನು ತನಗೆ ತೋಚಿದಂತೆ ಜೋಡಿಸಿಕೊಡುತ್ತದೆ, ನಿಮ್ಮ ಅಭಿರುಚಿಯನ್ನು ಕೇಳುವುದಿಲ್ಲ. ಅದರ ಶೈಲಿ ಯಾರಿಗೂ ಅಚ್ಚುಮೆಚ್ಚಲ್ಲ, ಆದರೆ ಗೋಫಮ್ಟ್ ಎಲ್ಲರಿಗೂ ಅಚ್ಚುಮೆಚ್ಚು ಎಂಬರ್ಥದ ರಾಬ್ ಪೈಕ್ ಅವರ ಮಾತು ಪ್ರಸಿದ್ಧ. 2018ರಲ್ಲಿ ಪೈಥಾನ್‌ಗೆ ಬಂದ ಬ್ಲ್ಯಾಕ್ ಕೂಡ ಇದೇ ಜಾತಿಯ ಹಠಮಾರಿ.

ಇದೆಲ್ಲ ಬರೀ ಅಲಂಕಾರ ಎನ್ನುವವರು 2014ರ ಫೆಬ್ರವರಿಯ ಆಪಲ್ ಪ್ರಕರಣ ನೋಡಬೇಕು. ಸುರಕ್ಷಿತ ಸಂಪರ್ಕದ ಕೋಡಿನಲ್ಲಿ ಒಂದು ಇಫ್. ಅದರ ಕೆಳಗೆ, ಬ್ರೇಸ್ ಇಲ್ಲದೆ, ‘ಗೋಟು ಫೇಲ್’. ಅದರ ಕೆಳಗೆ ಇನ್ನೊಮ್ಮೆ ಅದೇ ‘ಗೋಟು ಫೇಲ್’, ಅದೇ ಇಂಡೆಂಟ್‌ನಲ್ಲಿ. ಕಣ್ಣಿಗೆ ಎರಡೂ ಇಫ್‌ನ ಮಕ್ಕಳು. ಕಂಪೈಲರ್‌ಗೆ ಮಾತ್ರ ಎರಡನೆಯದು ಇಫ್‌ಗೆ ಸಂಬಂಧವೇ ಇಲ್ಲದ ಸಾಲು, ಷರತ್ತು ಏನೇ ಆದರೂ ಜಿಗಿ ಎಂಬ ಆಜ್ಞೆ. ಆ ಹೊತ್ತಿಗೆ ದೋಷದ ಸಂಖ್ಯೆ ಸೊನ್ನೆಯಲ್ಲೇ ಇರುತ್ತಿದ್ದುದರಿಂದ, ಸರ್ವರಿನ ಸಹಿಯನ್ನು ಪರೀಕ್ಷಿಸದೆಯೇ ಎಲ್ಲ ಸರಿಯಿದೆ ಎಂಬ ಉತ್ತರ ಹೋಗುತ್ತಿತ್ತು. ಬ್ರೇಸ್ ಕಡ್ಡಾಯ ಎಂಬ ನಿಯಮವಿದ್ದಿದ್ದರೆ ಈ ನಕಲು ಸಾಲು ಬಹುಶಃ ನಿರುಪದ್ರವಿಯಾಗಿರುತ್ತಿತ್ತು. ಫಾರ್ಮ್ಯಾಟರ್ ಒಮ್ಮೆ ಓಡಿದ್ದರೂ ಎರಡನೆಯ ಸಾಲು ಎಡಕ್ಕೆ ಸರಿದು ಎದ್ದು ಕಾಣುತ್ತಿತ್ತು.

ಹಳೆಯ ಯೋಜನೆಗೆ ಹೊಸದಾಗಿ ಶೈಲಿ ತರುವವರು ಹೆಚ್ಚಾಗಿ ಎಡವುವುದು ಮೊದಲ ದಿನವೇ. ಇಡೀ ಕೋಡಿಗೆ ಫಾರ್ಮ್ಯಾಟರ್ ಓಡಿಸಿ, ಅದೇ ಕಮಿಟ್‌ನಲ್ಲಿ ಎರಡು ಬಗ್ ಕೂಡ ಸರಿಮಾಡಿ ಕೈತೊಳೆದುಕೊಳ್ಳುತ್ತಾರೆ. ಸಾವಿರಾರು ಸಾಲುಗಳ ಆ ಡಿಫ್‌ನಲ್ಲಿ ನಿಜವಾದ ಬದಲಾವಣೆ ಯಾವುದೆಂದು ರಿವ್ಯೂ ಮಾಡುವವರು ಎಲ್ಲಿ ಹುಡುಕಬೇಕು? ಫಾರ್ಮ್ಯಾಟಿಂಗ್‌ಗೇ ಒಂದು ಪ್ರತ್ಯೇಕ ಕಮಿಟ್ ಇರಲಿ. ತೆರೆದಿರುವ ಬ್ರ್ಯಾಂಚುಗಳೆಲ್ಲ ಮರ್ಜ್ ಆದ ಮೇಲೆ, ರಿಲೀಸ್ ಮುಗಿದ ಮರುದಿನ ಮಾಡಿದರೆ ಕಾನ್‌ಫ್ಲಿಕ್ಟ್ ಕಡಿಮೆ. ಇದರಿಂದ ಪ್ರತಿ ಸಾಲಿನ ಮೇಲೂ ಫಾರ್ಮ್ಯಾಟ್ ಮಾಡಿದವನ ಹೆಸರೇ ಬಂದು ಬ್ಲೇಮ್ ಕುಲಗೆಡುತ್ತದೆ ಎಂಬ ದೂರು ಹಿಂದೆ ನ್ಯಾಯವಾದದ್ದೇ ಆಗಿತ್ತು. 2019ರ ಗಿಟ್ 2.23ರಿಂದ ಅಂಥ ಕಮಿಟ್ ಅನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬ್ಲೇಮ್‌ಗೆ ಹೇಳಬಹುದು.

ಇಷ್ಟಾದರೂ ಯಂತ್ರದ ಕೈಗೆಟುಕದ್ದು ಹೆಸರುಗಳು. ನಮ್ಮ ರಾಜ್ಯದ ವಿಳಾಸಗಳನ್ನು ನಿಭಾಯಿಸುವ ಕೋಡನ್ನೇ ತೆಗೆದುಕೊಳ್ಳಿ. ತಾಲ್ಲೂಕು ಎಂಬುದನ್ನು ಒಬ್ಬರು ಇಂಗ್ಲಿಷಿನ ಕೆ ಅಕ್ಷರಕ್ಕೆ ಮುಗಿಸುತ್ತಾರೆ, ಇನ್ನೊಬ್ಬರು ಕೊನೆಗೆ ಒಂದು ಎ ಸೇರಿಸುತ್ತಾರೆ, ಮತ್ತೊಬ್ಬರು ಕೆ ಬದಲು ಕ್ಯೂ ಹಾಕುತ್ತಾರೆ. ಮೂರೂ ಚೆಂದವಾಗಿ ಇಂಡೆಂಟ್ ಆಗಿರುತ್ತವೆ, ಫಾರ್ಮ್ಯಾಟರ್ ತುಟಿ ಬಿಚ್ಚುವುದಿಲ್ಲ. ಒಂದನ್ನು ಹುಡುಕಿ ತಿದ್ದಿದವರಿಗೆ ಉಳಿದೆರಡು ಇರುವುದೇ ತಿಳಿಯದು. ಹೆಸರುಗಳದ್ದೊಂದು ಪಟ್ಟಿಯನ್ನು ತಂಡದವರು ಒಟ್ಟಿಗೆ ಕೂತು ಬರೆದು ಕೋಡಿನ ಜೊತೆಗೇ ಇಡಬೇಕು. ನನ್ನ ಓಟು ಕೆ ಅಕ್ಷರಕ್ಕೆ. ಯೋಜನೆಯಲ್ಲಿ ಈಗಾಗಲೇ ಕ್ಯೂ ತುಂಬಿಕೊಂಡಿದ್ದರೆ ಕ್ಯೂಗೆ.