ಕುಡಿಯಿಲ್ಲದ ಬೆಳಕು

ಸಗರನಾಡಿನ ದೊಡ್ಡಾಟಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನನಗೆ ಇಸವಿ ಕೇಳುವ ಚಟ. ಶಹಾಪುರದ ಹತ್ತಿರದ ಹಳ್ಳಿಯೊಂದರಲ್ಲಿ, ಒಂದು ಕಾಲಕ್ಕೆ ಕೀಚಕನ ಪಾತ್ರ ಮಾಡುತ್ತಿದ್ದ ಮುತ್ಯಾ ಒಬ್ಬರ ಮುಂದೆ ಕೂತು, ಆ ಆಟ ಯಾವ ವರ್ಷದ್ದು ಎಂದು ಕೇಳಿದೆ. ಅವರು ಇಸವಿಯ ಗೊಡವೆಗೇ ಹೋಗಲಿಲ್ಲ. "ಗ್ಯಾಸಬತ್ತಿ ಬಂದ ಮ್ಯಾಲಿಂದು ನೋಡು ತಂಗಿ. ಅದಕ್ಕ ಮೊದಲ ಹಿಲಾಲ ಇತ್ತು. ಹಿಲಾಲದಾಗ ಎಲ್ಲಾ ಕೆಂಪs ಕಾಣತಿತ್ತು. ಬತ್ತಿ ಬಂದ ಮ್ಯಾಲ ಹಸರು ಕಾಣ್ಲಾಕ ಹತ್ತಿತು" ಎಂದರು.

ಈ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ, ಮರೆತೆ. ತಿಂಗಳುಗಳ ನಂತರ ನನ್ನದೇ ಅಧ್ಯಾಯದ ಕರಡು ಓದುವಾಗ 'ದೀವಟಿಗೆಯಿಂದ ವಿದ್ಯುತ್ತಿನವರೆಗೆ' ಎಂಬ ಉಪಶೀರ್ಷಿಕೆ ಕಣ್ಣಿಗೆ ಬಿತ್ತು. ಮುತ್ಯಾ ತಮ್ಮ ಇಡೀ ಆಟದ ಬದುಕನ್ನು ಅಳೆದದ್ದು ಯಾವ ಬೆಳಕಿನಿಂದಲೋ ಅದನ್ನೇ ನಾನು 'ಯಿಂದ' ಮತ್ತು 'ವರೆಗೆ'ಗಳ ನಡುವೆ ನುಂಗಿಹಾಕಿದ್ದೆ. ಈ ತಪ್ಪು ನನ್ನೊಬ್ಬಳದ್ದೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಬಯಲಾಟದ ಬಗ್ಗೆ ನಾವು ಬರೆಯುವ ರೀತಿಯಲ್ಲೇ ಅದು ಇದೆ. ದೀವಟಿಗೆ ಎಂದರೆ ಪರಂಪರೆ, ಕರೆಂಟು ಎಂದರೆ ಕೇಡುಗಾಲ. ನಡುವೆ ದಶಕಗಳ ಕಾಲ ಊರಿನ ರಾತ್ರಿಗಳನ್ನು ಆಳಿದ ಗ್ಯಾಸ್ ಬತ್ತಿ ಅತ್ತ ಜಾನಪದವೂ ಅಲ್ಲ, ಇತ್ತ ಆಧುನಿಕವೂ ಅಲ್ಲ. ಕರಾವಳಿಯಲ್ಲಿ ಈಗ 'ದೊಂದಿ ಬೆಳಕಿನ ಯಕ್ಷಗಾನ' ಎಂದು ವಿಶೇಷ ಪ್ರದರ್ಶನ ಇಡುತ್ತಾರೆ. ನೋಡಲು ಚೆಂದವೇ. ಆದರೆ ಅದನ್ನು ನೋಡಿ ಬಂದವರು ಹಳೆಯ ಆಟ ಕಂಡೆವು ಎನ್ನುತ್ತಾರೆ. ಇವತ್ತು ಬದುಕಿರುವ ಹಿರಿಯ ಕಲಾವಿದರಲ್ಲಿ ಎಷ್ಟೋ ಜನರ 'ಹಳೆಯ ಆಟ' ಗ್ಯಾಸ್ ಬತ್ತಿಯದು.

ಗ್ಯಾಸ್ ಬತ್ತಿ ಎಂಬ ಹೆಸರನ್ನು ಮೊದಲು ನೋಡೋಣ. ಸೀಮೆಎಣ್ಣೆ ಹಾಕಿ ಉರಿಸುವ ದೀಪಕ್ಕೆ ಗ್ಯಾಸ್ ಎನ್ನುವುದು ಹಳ್ಳಿಗರ ತಪ್ಪು ತಿಳಿವಳಿಕೆ ಎಂದು ನಾನು ಅಂದುಕೊಂಡಿದ್ದೆ. ತಪ್ಪು ನನ್ನದೇ. ಪಂಪು ಹೊಡೆದಾಗ ತೊಟ್ಟಿಯೊಳಗಿನ ಗಾಳಿಯ ಒತ್ತಡಕ್ಕೆ ಎಣ್ಣೆ ಮೇಲೇರಿ, ಬಿಸಿ ಕೊಳವೆಯಲ್ಲಿ ಆವಿಯಾಗಿ, ಆ ಆವಿಯೇ ಉರಿಯುತ್ತದೆ. ಅಲ್ಲಿಗೆ 'ಗ್ಯಾಸ್' ಸರಿ. ತಪ್ಪಿರುವುದು 'ಬತ್ತಿ' ಎಂಬ ಮಾತು. ಹಣತೆಯ ಬತ್ತಿ ಎಣ್ಣೆಯನ್ನು ಹೀರುತ್ತ, ಬೆಳಗುತ್ತ, ನಿಧಾನವಾಗಿ ಸವೆಯುತ್ತದೆ. ಮ್ಯಾಂಟಲ್ ಹಾಗಲ್ಲ. ಥೋರಿಯಂ ಮತ್ತು ಸೀರಿಯಂ ಲವಣಗಳ ದ್ರಾವಣದಲ್ಲಿ ಅದ್ದಿ ಒಣಗಿಸಿದ ಒಂದು ಜಾಳು ಚೀಲ ಅದು. ಕಟ್ಟಿ ಮೊದಲ ಸಲ ಹಚ್ಚಿದಾಗ ನೂಲೆಲ್ಲ ಸುಟ್ಟುಹೋಗುತ್ತದೆ. ಉಳಿಯುವುದು ಬಟ್ಟೆಯ ಆಕಾರ ಹೊತ್ತ ಬೂದಿ, ಅಂದರೆ ಆ ಲೋಹಗಳ ಆಕ್ಸೈಡು. ಬೆಳಕು ಕೊಡುವುದು ಆ ಬೂದಿಯೇ. ಒಳಗಿನ ಉರಿಗೆ ತನ್ನದೇ ಬೆಳಕು ತೀರಾ ಕಡಿಮೆ, ನೀಲಿಯಾಗಿ ಇದ್ದೂ ಇಲ್ಲದಂತೆ ಇರುತ್ತದೆ. ಅದರ ಕಾವಿಗೆ ಬೂದಿ ಬೆಳ್ಳಗೆ ಹೊಳೆಯುತ್ತದೆ. ಬೆರಳು ತಾಗಿದರೆ ಉದುರಿಹೋಗುತ್ತದೆ.

ಇದನ್ನು ಮಾಡಿದವನು ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್. 1885ರಲ್ಲಿ ಮೊದಲ ಪೇಟೆಂಟ್ ಪಡೆದ. ಅದೇ ವರ್ಷ ಪ್ರಸಿಯೋಡೈಮಿಯಂ, ನಿಯೋಡೈಮಿಯಂ ಎಂಬ ಎರಡು ವಿರಳ ಭಸ್ಮ ಧಾತುಗಳನ್ನು ಬೇರ್ಪಡಿಸಿದವನೂ ಅವನೇ. ಮೊದಲ ಮ್ಯಾಂಟಲ್ ಹಸಿರು ಬೆಳಕು ಕೊಡುತ್ತಿತ್ತು, ಮುಟ್ಟಿದರೆ ಮುರಿಯುತ್ತಿತ್ತು, ಜನ ಕೊಳ್ಳಲಿಲ್ಲ, 1889ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ವರ್ಷದ ನಂತರ 99 ಪಾಲು ಥೋರಿಯಂ ಆಕ್ಸೈಡಿಗೆ 1 ಪಾಲು ಸೀರಿಯಂ ಆಕ್ಸೈಡ್ ಎಂಬ ಹದ ಸಿಕ್ಕಿತು. ಥೋರಿಯಂ ಒಂದೇ ಇದ್ದರೆ ಬೆಳಕು ಮಂಕು. ಆ ಒಂದು ಪಾಲು ಸೀರಿಯಂ ಸೇರಿದರೆ ಮಾತ್ರ ಕಣ್ಣು ಕೋರೈಸುತ್ತದೆ. 1891ರ ನವೆಂಬರ್ 4ರಂದು ವಿಯೆನ್ನಾದ ಒಪೆರಾ ಕೆಫೆಯ ಮುಂದೆ ಆ ದೀಪ ಉರಿಯಿತು. ನಗರಗಳಲ್ಲಿ ವಿದ್ಯುತ್ ಬಲ್ಬು ಕ್ರಮೇಣ ಅದನ್ನು ಸೋಲಿಸಿತು. ಆದರೆ ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ ಅದೇ ಮ್ಯಾಂಟಲ್ಲನ್ನು ಪಂಪು ಹೊಡೆಯುವ ಸೀಮೆಎಣ್ಣೆ ಲಾಂದ್ರಕ್ಕೆ ಕಟ್ಟಿ, ಪೆಟ್ರೋಲಿಯಂಗೆ ತನ್ನ ಹೆಸರು ಸೇರಿಸಿ 'ಪೆಟ್ರೋಮ್ಯಾಕ್ಸ್' ಎಂದು ಕರೆದ. ನಗರದಲ್ಲಿ ಸೋತ ಮ್ಯಾಂಟಲ್‌ಗೆ ಕರೆಂಟು ಕಾಣದ ಊರುಗಳಲ್ಲಿ ಎರಡನೆಯ ಆಯುಷ್ಯ ಸಿಕ್ಕಿತು.

ಥೋರಿಯಂ ಬರುವುದು ಮೊನಜೈಟ್ ಎಂಬ ಮರಳಿನಿಂದ. ಮೊದಮೊದಲು ಬ್ರೆಜಿಲ್ಲಿನಿಂದ ಬರುತ್ತಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಕಂಡ. ಹುಡುಕಿಕೊಂಡು ಬಂದು ಮಣವಾಳಕುರಿಚ್ಚಿಯಲ್ಲಿ, ಅಂದರೆ ಈಗಿನ ಕನ್ಯಾಕುಮಾರಿ ಜಿಲ್ಲೆಯ ಕಡಲ ದಂಡೆಯಲ್ಲಿ, ಮರಳು ಬೇರ್ಪಡಿಸುವ ಘಟಕ ಹಾಕಿದ. ಮಹಾಯುದ್ಧ ಬಂದಾಗ ಅದು ಬ್ರಿಟಿಷರ ಕೈಗೆ ಹೋಯಿತು. ಎರಡನೆಯ ಯುದ್ಧದ ಹೊತ್ತಿಗೆ ಥೋರಿಯಂ ದೀಪದ ಸಾಮಾನು ಎನ್ನುವುದಕ್ಕಿಂತ ಅಣುಶಕ್ತಿಯ ಸಾಮಾನಾಗಿತ್ತು. ಸ್ವತಂತ್ರ ಭಾರತ 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಕಟ್ಟಿತು, 1952ರಲ್ಲಿ ಆಲುವಾದ ಕಾರ್ಖಾನೆ ಶುರುವಾಯಿತು. ಮ್ಯಾಂಟಲ್ ಮಾಡುವವರಿಗೆ ಥೋರಿಯಂ ನೈಟ್ರೇಟನ್ನೂ ಆ ಸಂಸ್ಥೆ ಒದಗಿಸುತ್ತಿತ್ತು. ಕೃಷ್ಣೆ ಭೀಮೆಯರ ನಡುವಿನ ಕರಿನೆಲದಲ್ಲಿ ಕೀಚಕನನ್ನು ಬೆಳಗಿದ ಬೂದಿಯ ಹಿಂದೆ ಇಷ್ಟು ದೂರದ ಕಡಲಿದೆ, ಎರಡು ಯುದ್ಧಗಳಿವೆ. ಸ್ಥಳೀಯ, ದೇಸಿ ಎಂದು ನಾವು ಕೂಗುವ ಆಟದ ಅಟ್ಟ ಅಷ್ಟೇನೂ ಸ್ಥಳೀಯವಾಗಿರಲಿಲ್ಲ.

ಈಗ ಸಾಹಿತ್ಯಕ್ಕೆ ಬರುತ್ತೇನೆ. ಬೆಳಕಿನ ಬಗ್ಗೆ ಕನ್ನಡಕ್ಕೆ ಇರುವಷ್ಟು ಮೋಹ ಇನ್ಯಾವುದರ ಬಗ್ಗೆ ಇದೆಯೋ ಕಾಣೆ. ಹಣತೆ, ಜ್ಯೋತಿ, ಸೊಡರು, ನಂದಾದೀಪ, ದೀಪದ ಕುಡಿ. ಇವೆಲ್ಲವೂ ಉರಿಯ ಮಾತುಗಳು. ಎಣ್ಣೆ ಮುಗಿಯುವುದು, ಗಾಳಿಗೆ ಕುಡಿ ಅಳ್ಳಾಡುವುದು, ಒಂದರಿಂದ ಇನ್ನೊಂದನ್ನು ಹಚ್ಚುವುದು: ನಮ್ಮ ರೂಪಕಗಳ ಬಂಡವಾಳ ಇಷ್ಟೇ. ಗ್ಯಾಸ್ ಬತ್ತಿಗೆ ಇದರಲ್ಲಿ ಒಂದೂ ಹೊಂದುವುದಿಲ್ಲ. ಅದಕ್ಕೆ ಕುಡಿಯೇ ಇಲ್ಲ. ಭಕ್ತಿಕಾವ್ಯ ಕರ್ಪೂರವನ್ನು ಮೆಚ್ಚಿದ್ದು ಅದು ಉರಿದು ಏನನ್ನೂ ಉಳಿಸುವುದಿಲ್ಲ ಎಂಬ ಕಾರಣಕ್ಕೆ. ಮ್ಯಾಂಟಲ್ ತದ್ವಿರುದ್ಧ: ಉರಿದು ಉಳಿದದ್ದೇ ಬೆಳಗುತ್ತದೆ. ಭಸ್ಮದ ಬಗ್ಗೆ ಅಷ್ಟೊಂದು ಧ್ಯಾನಿಸಿದ ಭಾಷೆಗೆ ಹೊಳೆಯುವ ಬೂದಿ ಯಾಕೆ ಸಿಗಲಿಲ್ಲ?

ಕಾರ್ನಾಡರ 'ನಾಗಮಂಡಲ' (1988) ನೆನಪಿಸಿಕೊಳ್ಳಿ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ಯೋತಿಗಳು ಪಾಳು ಗುಡಿಗೆ ಬಂದು ಹರಟೆ ಹೊಡೆಯುತ್ತವೆ. ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದ ಬಂದ ಈ ಕಲ್ಪನೆ ನನಗೆ ಬಹಳ ಇಷ್ಟ. ಆದರೆ ಆ ಗುಡಿಗೆ ಗ್ಯಾಸ್ ಬತ್ತಿ ಬರಲಾರದು. ಮನೆಯಿಂದ ಎದ್ದು ಹೊರಡಲು ಅದಕ್ಕೊಂದು ಜ್ಯೋತಿ ಬೇಕಲ್ಲ! ಅಷ್ಟಲ್ಲದೆ ಅದು ಮನೆಯ ಗುಟ್ಟು ಬಲ್ಲ ದೀಪವೂ ಅಲ್ಲ. ಮದುವೆ, ಜಾತ್ರೆ, ಆಟಗಳ ದೀಪ ಅದು, ಎಷ್ಟೋ ಸಲ ಬಾಡಿಗೆಗೆ ತಂದದ್ದು. ಕಾರ್ನಾಡರದ್ದು ತಪ್ಪು ಎನ್ನುತ್ತಿಲ್ಲ. 'ಹಯವದನ', ಕಂಬಾರರ 'ಜೋಕುಮಾರಸ್ವಾಮಿ'ಯ ಕಾಲದಿಂದ ನಮ್ಮ ರಂಗಭೂಮಿ ಬಯಲಾಟದಿಂದ ಭಾಗವತನನ್ನು, ಅರೆಪರದೆಯನ್ನು, ಹಾಡನ್ನು, ಕುಣಿತವನ್ನು ತಂದಿತು. ಬೆಳಕನ್ನು ಮಾತ್ರ ತರಲಿಲ್ಲ. ಅದನ್ನು ನಗರದ ಸ್ಪಾಟ್‌ಲೈಟಿಗೆ ಬಿಟ್ಟಿತು. ವಿಮರ್ಶೆಯೂ ಅದನ್ನು ಗಮನಿಸಲಿಲ್ಲ.

ಕಲಾಕೃತಿಯೊಂದು ಮ್ಯಾಂಟಲ್ಲನ್ನು ಮ್ಯಾಂಟಲ್ಲಾಗಿಯೇ ನೋಡಿದ್ದು ನನಗೆ ಸಿಕ್ಕಿದ್ದು ತಮಿಳಿನಲ್ಲಿ, ಅದೂ ಹಾಸ್ಯದಲ್ಲಿ. 'ವೈದೇಹಿ ಕಾತ್ತಿರುಂದಾಳ್' (1984) ಚಿತ್ರದಲ್ಲಿ ಗೌಂಡಮಣಿ ಸೈಕಲ್, ಪೆಟ್ರೋಮ್ಯಾಕ್ಸ್ ಬಾಡಿಗೆಗೆ ಕೊಡುವ ಅಂಗಡಿಯವ. ಇದು ಹೇಗೆ ಉರಿಯುತ್ತದೆ ಎಂದು ಸೆಂಥಿಲ್ ಕೇಳುತ್ತಾನೆ, ಕೇಳುತ್ತಲೇ ಅದನ್ನು ಪುಡಿ ಮಾಡಿಬಿಡುತ್ತಾನೆ. ಆ ನಗೆ ಹುಟ್ಟುವುದು ಇಷ್ಟು ದೊಡ್ಡ ಬೆಳಕು ಇಷ್ಟು ಹಗುರವಾದ ಬೂದಿಯ ಮೇಲೆ ನಿಂತಿದೆ ಎಂಬ ಅರಿವಿನಿಂದ. ನಮ್ಮ ಗಂಭೀರ ಕಾವ್ಯಕ್ಕೆ ಹೊಳೆಯದ್ದು ಅಲ್ಲಿ ಮೂರು ನಿಮಿಷದಲ್ಲಿ ಹೊಳೆದಿದೆ.

ಮುತ್ಯಾ ಹೇಳಿದ್ದರಲ್ಲಿ ಬಣ್ಣದ ಮಾತಷ್ಟೇ ಇರಲಿಲ್ಲ. ಹಿಲಾಲು ಹಿಡಿದವನು ವೇಷದ ಜೊತೆ ಜೊತೆಗೆ ಓಡಾಡುತ್ತಿದ್ದ, ಮುಖಕ್ಕೆ ಮುಖ ಕೊಟ್ಟಂತೆ ಬೆಳಕು. ಗ್ಯಾಸ್ ಬತ್ತಿಯನ್ನು ಅಟ್ಟದ ಮೇಲೆ ತೂಗುಹಾಕಿದರು, ಬೆಳಕು ಮೇಲಿನಿಂದ ಬಿತ್ತು, ಕಿರೀಟದ ನೆರಳು ಕಣ್ಣಿನ ಮೇಲೆ. ಹುಬ್ಬು ದಪ್ಪಗೆ ಬರೆಯಬೇಕಾಯಿತು. ಎದೆಹಲಗೆಯ ಕನ್ನಡಿ ಚೂರುಗಳು, ಬೇಗಡೆ ಆಗಲೇ ಮಿಂಚಿದ್ದು. ಗಂಟೆಗೊಮ್ಮೆ ಬತ್ತಿ ಮಂಕಾಗುತ್ತಿತ್ತು. ಆಗ ಒಬ್ಬ ಏರಿ ಇಳಿಸಿ, ಪಿನ್ನು ಹೊಡೆದು, ಗಾಳಿ ಹಾಕುವವರೆಗೆ ಹಾಸ್ಯದವನು ಮಾತು ಬೆಳೆಸಬೇಕು. ನಾವು ಸಂಪಾದಿಸುವ ಆಟದ ಪಠ್ಯದಲ್ಲಿ ಈ ಮಾತುಗಳನ್ನು 'ಪ್ರಕ್ಷಿಪ್ತ' ಎಂದು ಕೈಬಿಡುವುದು ಸುಲಭ. ನಾನೇ ಒಂದು ಪ್ರತಿಯಲ್ಲಿ ಅಂಥದ್ದೊಂದು ಭಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ.

ಮೆರವಣಿಗೆಯಲ್ಲಿ ಬತ್ತಿ ಹೊರುತ್ತಿದ್ದವರ ಮಾತು ಇನ್ನೂ ಬೇರೆ. ದೀಪದ ಬುಡಕ್ಕೆ ಕತ್ತಲೆ ಎನ್ನುತ್ತೇವೆ. ಹಣತೆಯ ಬುಡದ ಕತ್ತಲೆ ಅಂಗೈಯಷ್ಟು. ಪೆಟ್ರೋಮ್ಯಾಕ್ಸಿನಲ್ಲಿ ಎಣ್ಣೆ ತೊಟ್ಟಿ ಮ್ಯಾಂಟಲ್ಲಿನ ಕೆಳಗೇ ಇರುವುದರಿಂದ ತಲೆಯ ಮೇಲೆ ಹೊತ್ತವರು ಪೂರ್ತಿಯಾಗಿ ಅದರ ನೆರಳಿನಲ್ಲೇ ನಡೆಯುತ್ತಾರೆ. ಆ ಕೂಲಿ ಯಾವ ಕೇರಿಯವರ ಪಾಲಿಗೆ ಬರುತ್ತಿತ್ತು ಎಂದು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಸಂಗತಿ: ಥೋರಿಯಂ ವಿಕಿರಣಶೀಲ. ಬತ್ತಿಯ ಬೆಳಕಿನಲ್ಲಿ ಕೂತು ಆಟ ನೋಡಿದವರಿಗೆ ಅದರಿಂದ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಅಪಾಯವಿರುವುದು ಅದರ ಪುಡಿ ಉಸಿರಿನಲ್ಲಿ ಸೇರಿದರೆ. ಈಗ ಎಷ್ಟೋ ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಬಳಸುತ್ತಾರೆ. ಆಗ ಹಾಗಿರಲಿಲ್ಲ. "ಹಳೇದು ಹರದ್ರ ಬಾಯಿಲೆ ಊದಿ, ಹೊಸಾದು ಕಟ್ಟತಿದ್ದ" ಎಂದು ಮುತ್ಯಾ ಸಹಜವಾಗಿ ಹೇಳಿದರು.

ಯಾರು ಊದುತ್ತಿದ್ದರು ಎಂದು ನಾನು ಅವತ್ತು ಕೇಳಿರಲಿಲ್ಲ. ಮುತ್ಯಾನ ಹತ್ತಿರ ಒಂದು ಹಳೆಯ ನೋಟ್‌ಬುಕ್ಕಿದೆ. ಆಟದಲ್ಲಿದ್ದವರ ಹೆಸರೆಲ್ಲ ಅದರಲ್ಲಿದೆ: ವೇಷದವರು, ಮದ್ದಲೆಯವರು, ತಾಳದವರು, ಎಲೆ ಅಡಿಕೆ ಕೊಟ್ಟವರೂ ಕೂಡ. ಬತ್ತಿಯವನ ಹೆಸರಿಲ್ಲ. ಮೊನ್ನೆ ಮತ್ತೆ ಹೋಗಿ ಕೇಳಿದೆ. ಮುತ್ಯಾ ತುಸು ಹೊತ್ತು ಯೋಚಿಸಿ ಹೆಸರು ಹೇಳಿದರು, ಮಗ ಈಗ ಬೆಂಗಳೂರಾಗ ಗೌಂಡಿ ಕೆಲಸಕ್ಕ ಹೋಗ್ಯಾನ ಎಂದೂ ಹೇಳಿದರು. ಅಧ್ಯಾಯದ ಉಪಶೀರ್ಷಿಕೆ ಹೊಡೆದುಹಾಕಿದ್ದೇನೆ. ಪೆನ್ಸಿಲಿನ ಗೆರೆಯನ್ನೂ ಅಳಿಸಿದ್ದೇನೆ, ಕಾಗದದ ಮೇಲೆ ಅದರ ಗುರುತು ಇನ್ನೂ ಇದೆ.