ಮಂಡಕ್ಕಿ ಚೀಲದ ಮೇಲಿನ ತೆರಿಗೆ

ತಯಾರಾದ ಸರಕು ತೆರಿಗೆಪಟ್ಟಿಯ ಯಾವ ನಮೂದಿಗೆ ಸೇರುತ್ತದೆ ಎಂಬ ತಕರಾರು ಕೇಂದ್ರ ಅಬಕಾರಿ ಸುಂಕದ ಕಾಲದಿಂದಲೂ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳ ಸಣ್ಣ ತಯಾರಕರಿಗೆ ಆಗ ಅದರ ಬಿಸಿ ಅಷ್ಟಾಗಿ ತಟ್ಟಿರಲಿಲ್ಲ. ಕೊನೆಯ ವರ್ಷಗಳಲ್ಲಿ 1.5 ಕೋಟಿ ರೂಪಾಯಿವರೆಗಿನ ವಹಿವಾಟಿಗೆ ಸಣ್ಣ ಕೈಗಾರಿಕೆಗಳಿಗೆ ಸುಂಕದ ವಿನಾಯಿತಿ ಇತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತಕರಾರು ಮಂಡಕ್ಕಿ ಭಟ್ಟಿಯ ಬಾಗಿಲಿಗೂ ಬರುವಂತಾಯಿತು.

ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡಿಸುತ್ತಾರೆ. ಅದಕ್ಕೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಇದು ಅಕ್ಕಿಯೋ, ಬೇರೆ ಸರಕೋ? ನೆರೆಯ ಆಂಧ್ರದಲ್ಲಿ ಮಾರಾಟ ತೆರಿಗೆಯ ಸಂಬಂಧ ಇದೇ ಪ್ರಶ್ನೆ ಎದ್ದಾಗ, 1978ರಲ್ಲಿ ಅಲ್ಲಾಡಿ ವೆಂಕಟೇಶ್ವರಲು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಲಕ್ಕಿ, ಮಂಡಕ್ಕಿ ಎರಡೂ 'ಅಕ್ಕಿ' ಎಂಬ ನಮೂದಿನೊಳಗೇ ಬರುತ್ತವೆ ಎಂದಿತು. ವಸ್ತು ಏನೆಂಬುದನ್ನು ನೋಡಿ ಕೊಟ್ಟ ತೀರ್ಪು ಅದು.

ಈಗಿನ ಪದ್ಧತಿ ವಸ್ತುವನ್ನು ಬಿಟ್ಟು ಚೀಲವನ್ನು ನೋಡುತ್ತದೆ. 2022ರ ಜುಲೈ 18ರಿಂದ ಬಿಡಿ ಮಂಡಕ್ಕಿಗೆ ತೆರಿಗೆ ಇಲ್ಲ. ಮೊದಲೇ ತೂಗಿ ಕಟ್ಟಿದ, ಲೇಬಲ್ ಇರಬೇಕಾದ ಪೊಟ್ಟಣಕ್ಕೆ ಶೇ 5. ಆಹಾರ ಧಾನ್ಯದ ಪೊಟ್ಟಣ 25 ಕಿಲೋ ಮೀರಿದರೆ ಅದು ಸಗಟು ಎಂದು ವಿನಾಯಿತಿ. ಅಕ್ಕಿ ಚೀಲಕ್ಕೆ ಒಪ್ಪುವ ಈ ಗೆರೆ ಮಂಡಕ್ಕಿಗೆ ಒಪ್ಪದು. ಆಳೆತ್ತರದ ಮಂಡಕ್ಕಿ ಚೀಲವನ್ನೂ ಒಬ್ಬರೇ ಸಲೀಸಾಗಿ ಎತ್ತಿ ಗಾಡಿಗೆ ಹಾಕುತ್ತಾರೆ. ಅದು ಎಷ್ಟು ಸಗಟಾದರೂ 25 ಕಿಲೋ ಮುಟ್ಟುವುದಿಲ್ಲ. ಹಾಗಾಗಿ ಚೀಲದೊಳಗಿನ ಪ್ರಮಾಣ ಮೊದಲೇ ಗೊತ್ತುಮಾಡಿದ್ದೇ ಎಂಬುದರ ಮೇಲೆ ವಾದವೆಲ್ಲ ನಿಲ್ಲುತ್ತದೆ. ಅದೇ ಮಂಡಕ್ಕಿಗೆ ಖಾರ, ಶೇಂಗಾ ಬೆರೆಸಿ ಪ್ಯಾಕೆಟ್ ಮಾಡಿದರೆ ಅದು ಕುರುಕಲು ತಿಂಡಿಯ ನಮೂದಿಗೆ ಸರಿಯುತ್ತದೆಂಬ ವಾದ ಬೇರೆ. ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿಯ ಪರೋಟ 'ರೊಟ್ಟಿ' ಅಲ್ಲ, ಶೇ 18 ಕೊಡಬೇಕು ಎಂದು 2020ರಲ್ಲಿ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿದ್ದು ಇಂಥ ಹಟದ ಪರಮಾವಧಿ. 2025ರ ಸೆಪ್ಟೆಂಬರ್ 22ರಿಂದ ಪರೋಟಕ್ಕೆ ತೆರಿಗೆಯೇ ಇಲ್ಲ.

ದಂಡದ ನಿಯಮದಲ್ಲಿ ನ್ಯಾಯವೂ ಇದೆ, ಒರಟುತನವೂ ಇದೆ. 2024–25ರಿಂದ ಅನ್ವಯವಾಗುವ, ಜಿಎಸ್‌ಟಿ ಕಾಯ್ದೆಯ 74ಎ ಕಲಮಿನಂತೆ ವಂಚನೆ, ಬೇಕೆಂದೇ ಮರೆಮಾಚುವಿಕೆ ಇದ್ದರೆ ತೆರಿಗೆಯಷ್ಟೇ ದಂಡ. ಅಂಥದ್ದೇನೂ ಇಲ್ಲದಿದ್ದರೆ ತೆರಿಗೆಯ ಶೇ 10 ಅಥವಾ 10,000 ರೂಪಾಯಿ, ಯಾವುದು ಹೆಚ್ಚೋ ಅದು. ನೋಟಿಸು ಬಂದ 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೆ ಈ ಎರಡನೆಯ ದಂಡ ಇಲ್ಲ. ಇದು ಮೆಚ್ಚಬೇಕಾದ ಅಂಶ. ಆದರೆ ತನ್ನ ನಿಲುವೇ ಸರಿ ಎಂದು ವಾದಿಸಿ ಸೋತವನಿಗೆ ಆ ರಿಯಾಯಿತಿ ಸಿಗದು. ಬಾಕಿ 12,000 ರೂಪಾಯಿ ಎಂದಿಟ್ಟುಕೊಂಡರೆ ಶೇ 10ರ ಲೆಕ್ಕದಲ್ಲಿ ದಂಡ 1,200. ಕನಿಷ್ಠ ಮಿತಿಯ ದೆಸೆಯಿಂದ ಅದು 10,000 ಆಗುತ್ತದೆ. ದೊಡ್ಡ ಕಾರ್ಖಾನೆಗೆ ಈ ಕನಿಷ್ಠ ಮಿತಿ ಲೆಕ್ಕಕ್ಕೇ ಬರುವುದಿಲ್ಲ, ಭಟ್ಟಿಗೆ ಮಾತ್ರ ಬರುತ್ತದೆ. ಸರಕು ಇಂಥ ವರ್ಗಕ್ಕೇ ಸೇರಿದ್ದೆಂದು ರುಜುವಾತು ಮಾಡುವ ಹೊಣೆ ಇಲಾಖೆಯದು ಎಂದು ಹಿಂದೂಸ್ತಾನ್ ಫೆರೋಡೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಅಲ್ಲಿಯವರೆಗೆ ಹೋರಾಡಲು ವಕೀಲರ ಫೀಸು ಬೇಕು.

ಮೊದಲೇ ಸ್ಪಷ್ಟನೆ ಪಡೆಯಲು ಮುಂಗಡ ತೀರ್ಪಿನ ದಾರಿ ಇದೆ. ಕೇಂದ್ರ, ರಾಜ್ಯ ಎರಡೂ ಕಾಯ್ದೆಗೆ 5,000ದಂತೆ ಶುಲ್ಕ 10,000 ರೂಪಾಯಿ. ತೀರ್ಪು ಅರ್ಜಿದಾರನಿಗೂ ಅವನ ತೆರಿಗೆ ಅಧಿಕಾರಿಗೂ ಮಾತ್ರ ಅನ್ವಯ. ಪಕ್ಕದ ಭಟ್ಟಿಯವನು ಅದೇ ಪ್ರಶ್ನೆಗೆ ಮತ್ತೆ ಶುಲ್ಕ ಕಟ್ಟಬೇಕು.